ಕಿಟಕಿಯ ಮೇಲೆ ಕಟ್ಟಿದ ಡೆಕ್

ನಾವು ಕೆನಡಕ್ಕೆ ಬಂದದ್ದು 2008ರ ಸೆಪ್ಟೆಂಬರಿನಲ್ಲಿ. ನಾನು, ನನ್ನ ಗಂಡ, ನಾಲ್ಕು ಸೂಟ್‌ಕೇಸು. ಮೊದಲ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಒಬ್ಬ ಕನ್ನಡದ ಹಿರಿಯರ ಮನೆಯ ಬೇಸ್‌ಮೆಂಟಿನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ಇದ್ದೆವು. ಊರು ಟೊರಾಂಟೊದ ಪಶ್ಚಿಮಕ್ಕೆ, ಇಳಿಯುವ ವಿಮಾನದ ಚಕ್ರ ಕಾಣುವಷ್ಟು ಏರ್‌ಪೋರ್ಟಿಗೆ ಹತ್ತಿರ. ಅದರ ಹೆಸರು ಬರೆಯುವುದಿಲ್ಲ. ಅಲ್ಲಿ ನಮಗಾದದ್ದು ಸುತ್ತಲಿನ ಯಾವ ಊರಿನಲ್ಲಾದರೂ ಆಗಬಹುದಿತ್ತು, ಎಷ್ಟೋ ಜನರಿಗೆ ಆಗುತ್ತಲೂ ಇತ್ತು.

ಮನೆಯ ಯಜಮಾನರು ಮೈಸೂರು ಕಡೆಯವರು. ನಾನು ಹುಟ್ಟುವ ಮೊದಲೇ ಇಲ್ಲಿಗೆ ಬಂದು, ಎಂಜಿನಿಯರಾಗಿ ದುಡಿದು ನಿವೃತ್ತರಾಗಿದ್ದರು. ನಾವು ಅವರನ್ನು ಸರ್ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಆಂಟಿ. ಏರ್‌ಪೋರ್ಟಿಗೆ ತಾವೇ ಕಾರು ತಂದಿದ್ದರು. ಮೊದಲ ದಿನ ಬಿಸಿ ಬಿಸಿ ಸಾರು, ಅನ್ನ, ಹಪ್ಪಳ ಹಾಕಿದ್ದರು. ಊಟ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ ಸರ್ ಹೇಳಿದರು:

"ನೋಡಮ್ಮ, ಒಂದು ಸಣ್ಣ ವಿಷಯ. ಯಾರಾದ್ರೂ ಬಂದು ಕೇಳಿದ್ರೆ ನೀನು ನನ್ನ ತಮ್ಮನ ಮಗಳು ಅಂದ್ಬಿಡು. ಟೆನೆಂಟ್ ಅನ್ನೋ ವರ್ಡೇ ಬೇಡ."

"ಯಾಕ್ರಿ ಸರ್?"

"ಈ ಸ್ಟ್ರೀಟೆಲ್ಲ ಸಿಂಗಲ್ ಫ್ಯಾಮಿಲಿ ಝೋನಿಂಗು. ಒಂದು ಮನೆ, ಒಂದು ಕುಟುಂಬ. ಬೇಸ್‌ಮೆಂಟಲ್ಲಿ ಇನ್ನೊಂದು ಒಲೆ ಇಟ್ರೆ ಇಲ್ಲೀಗಲ್ಲು. ಎಲ್ಲರೂ ಇಟ್ಟಿದಾರೆ, ಅದು ಬೇರೆ ಮಾತು."

ಝೋನಿಂಗು ಎಂದರೇನೆಂದು ಅವರು ನನಗೆ ವಿವರಿಸಬೇಕಾಗಿರಲಿಲ್ಲ. ನಾನು ಧಾರವಾಡದ ಕಡೆಯವಳು. ಊರಿನಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಎಂಟು ವರ್ಷ ಬಡಾವಣೆಯ ನಕ್ಷೆಗಳ ಮುಂದೆ ಕೂತವಳು. ಹಳದಿ ಬಳಿದರೆ ವಸತಿ, ನೀಲಿ ಬಳಿದರೆ ಅಂಗಡಿ, ಹಸಿರು ಬಳಿದರೆ ಉದ್ಯಾನ. ಹಳದಿಯೊಳಗೆ ಯಾರು ಇರಬೇಕು, ಎಷ್ಟು ಜನ ಇರಬೇಕು ಎಂದು ಬಣ್ಣ ಬಳಿಯುವಾಗ ಒಂದು ದಿನವೂ ಯೋಚಿಸಿರಲಿಲ್ಲ. ಈಗ ನಾನೇ ಆ ಹಳದಿಯ ಕೆಳಗೆ, ಕಾನೂನಿಗೆ ಕಾಣದ ಹಾಗೆ, ಯಾರದೋ ತಮ್ಮನ ಮಗಳಾಗಿ ಇಳಿದಿದ್ದೆ.

ಬೇಸ್‌ಮೆಂಟಿನಲ್ಲಿ ಒಂದು ಕೋಣೆ, ಒಂದು ಅಡುಗೆ ಮೂಲೆ, ನೀರು ಸರಿಯಾಗಿ ಹರಿಯದ ಬಚ್ಚಲು. ಮೇಲಿನವರ ಬಟ್ಟೆ ಒಗೆಯುವ ಯಂತ್ರವೂ ನಮ್ಮ ಕಡೆಯೇ ಇತ್ತು. ಕೋಣೆಗೆ ಒಂದೇ ಕಿಟಕಿ, ಸೂರಿಗೆ ತಾಗಿದಂತೆ. ಅಗಲ ಮೊಳದಷ್ಟು, ಎತ್ತರ ಒಂದೂವರೆ ಗೇಣು. ಹೊರಗಿನಿಂದ ನೋಡಿದರೆ ಅದು ನೆಲದ ಮಟ್ಟದಲ್ಲಿತ್ತು. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅದರೊಳಗಿಂದ ಬಿಸಿಲು ಬಂದು ಹಾಸಿಗೆಯ ಮೇಲೆ ಬೀಳುತ್ತಿತ್ತು. ನನ್ನ ಗಂಡ ರಸಾಯನಶಾಸ್ತ್ರ ಓದಿದವನು, ಮಿಸಿಸಾಗದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಮಧ್ಯಾಹ್ನದ ಶಿಫ್ಟು. ಆ ಎರಡು ತಾಸು ಬಿಸಿಲಿನಲ್ಲಿ ಕಾಲು ಚಾಚಿಕೊಂಡು ಕೂತು ಅವನು ಕೆಲಸದ ಅರ್ಜಿಗಳನ್ನು ಬರೆಯುತ್ತಿದ್ದ. ನಾನು ಬೆಳಗಿನ ಶಿಫ್ಟಿನಲ್ಲಿ ಬ್ರೆಡ್ ಫ್ಯಾಕ್ಟರಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದೆ.

ಮರುವರ್ಷ, 2009ರಲ್ಲಿ, ಆರ್ಥಿಕ ಮುಗ್ಗಟ್ಟಿನಿಂದ ದೇಶವನ್ನು ಎಬ್ಬಿಸಬೇಕೆಂದು ರಾಜಧಾನಿ ಒಟ್ಟಾವದ ರಾಷ್ಟ್ರ ಸರ್ಕಾರ ಒಂದು ಯೋಜನೆ ತಂದಿತು. ಸ್ವಂತ ಮನೆ ಇರುವವರು ಮನೆಯನ್ನು ದುರಸ್ತಿ ಮಾಡಿಸಿಕೊಂಡರೆ, ಅಂದಗೊಳಿಸಿಕೊಂಡರೆ, ತೆರಿಗೆಯಲ್ಲಿ ರಿಯಾಯಿತಿ. ನಮ್ಮ ಬೀದಿಯ ತುಂಬ ಆ ಬೇಸಿಗೆ ಸುತ್ತಿಗೆ ಸದ್ದು. ಸರ್ ಕೂಡ ಹಿತ್ತಲ ಬಾಗಿಲಿಗೆ ಹೊಂದಿಸಿ ಒಂದು ಡೆಕ್ ಕಟ್ಟಿಸಿದರು. ಡೆಕ್ ಎಂದರೆ ಮರದ ಜಗಲಿ. ಬೇಸಿಗೆಯ ನಾಲ್ಕು ತಿಂಗಳು ಕುರ್ಚಿ ಹಾಕಿಕೊಂಡು ಕೂರಲು, ಉಳಿದ ಎಂಟು ತಿಂಗಳು ಹಿಮ ಹೊರಲು.

ಒಂದು ಮಧ್ಯಾಹ್ನ ನಾನು ಕೆಲಸದಿಂದ ಬಂದು ಕೋಣೆಯ ಬಾಗಿಲು ತೆರೆದರೆ ಒಳಗೆ ಕತ್ತಲೆ. ಬಲ್ಬ್ ಹೋಗಿದೆ ಎಂದುಕೊಂಡು ಸ್ವಿಚ್ಚು ಒತ್ತಿದೆ, ಹತ್ತಿತು. ಆಗ ಕಿಟಕಿ ನೋಡಿದೆ. ಗಾಜಿನಾಚೆ ಹೊಸ ಮರದ ತೊಲೆ, ಅದರ ಮೇಲೆ ಸಾಲಾಗಿ ಹಲಗೆ. ಹಲಗೆಗಳ ಸಂದಿನಿಂದ ಬೆಳಕಿನ ನಾಲ್ಕು ಎಳೆ. ಮೇಲೆ ಯಾರೋ ನಡೆದರು. ಎಳೆಗಳು ಒಂದೊಂದಾಗಿ ಅಳಿಸಿಹೋಗಿ ಮತ್ತೆ ಕಂಡವು.

ಹತ್ತಿ ಹೋಗಿ ಕೇಳಿದೆ. "ಸರ್, ನಮ್ಮ ಕಿಟಕಿ ಮುಚ್ಚೇತ್ರಿ."

"ಪೂರ್ತಿ ಎಲ್ಲಮ್ಮ ಮುಚ್ಚಿದೆ? ಹಲಗೆ ಮಧ್ಯೆ ಗ್ಯಾಪ್ ಬಿಡಿಸಿದೀನಿ. ಗಾಳಿ ಬರತ್ತೆ."

"ಬೆಳಕು ಬರೂದಿಲ್ರಿ. ಬೆಂಕಿ ಗಿಂಕಿ ಹತ್ತಿದ್ರ ಮೆಟ್ಟಿಲು ಬಿಟ್ರ ಹೊರಗ ಬರಾಕ ಅದೊಂದ ದಾರಿ ಇತ್ತು."

ಅವರು ನಕ್ಕರು. "ಆ ಕಿಟಕೀಲಿ ಮೊದಲೂ ನಿಮ್ಮಿಬ್ರಿಗೂ ಹೊರಗೆ ಬರೋಕೆ ಆಗ್ತಿರ್ಲಿಲ್ಲ, ಬಿಡಮ್ಮ."

ಮಾತು ನಿಜವಾಗಿತ್ತು. ನಾವು ಬೆಂದು ಹೋಗಬಹುದಾದ ಕೋಣೆ ಅದು ಎಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಹಪ್ಪಳ ಕರಿದು ಬಡಿಸಿದ್ದರು.

"ಹಂಗಾದ್ರ ಅದ ರಿಯಾಯ್ತಿಯೊಳಗ ಕಿಟಕಿ ದೊಡ್ಡದು ಮಾಡಿಸಬಹುದಿತ್ತಲ್ರಿ?"

"ಮಾಡಿಸ್ಬಹುದು. ಫೌಂಡೇಶನ್ ಕಟ್ ಮಾಡಕ್ಕೆ ಪರ್ಮಿಟ್ ಬೇಕು. ಪರ್ಮಿಟ್ ಅಂದ್ರೆ ಇನ್‌ಸ್ಪೆಕ್ಟರ್ ಬರ್ತಾನೆ. ಬಂದವನು ನಿಮ್ಮ ಒಲೆ ನೋಡ್ತಾನೆ. ನೋಡಿದ್ರೆ ನೀವಿಬ್ರೂ ಬೀದೀಲಿ. ಡೆಕ್ ಇಷ್ಟು ತಗ್ಗಾಗಿದ್ರೆ ಪರ್ಮಿಟ್ಟೇ ಬೇಡ, ಯಾರೂ ಬರಲ್ಲ, ಯಾರೂ ಕೇಳಲ್ಲ. ಗವರ್ನಮೆಂಟೇ ಮಾಡ್ಕೋ ಅಂತಿರೋವಾಗ ನಾನ್ಯಾಕೆ ಬಿಡ್ಲಿ, ನೀನೇ ಹೇಳು?"

ಅಂದೇ ಮನೆ ಬಿಡಬೇಕಿತ್ತು ಎಂದು ಈಗ ಅನಿಸುತ್ತದೆ. ಬೇರೆ ಮನೆ ನೋಡದೆ ಇರಲಿಲ್ಲ. ನಮಗೆಟುಕುವ ಬಾಡಿಗೆಯ ಮನೆಗಳೆಲ್ಲ ಇಂಥವೇ ಬೇಸ್‌ಮೆಂಟುಗಳು. ಒಂದರಲ್ಲಿ ಕಿಟಕಿಯೇ ಇರಲಿಲ್ಲ, ಅದನ್ನು ತೋರಿಸಿದವರು ಗೋಡೆಗೆ ಕಡಲತೀರದ ಚಿತ್ರ ಅಂಟಿಸಿದ್ದರು. ಇನ್ನೊಂದರಲ್ಲಿ ಬಾಯ್ಲರಿನ ಪಕ್ಕದಲ್ಲಿ ಹಾಸಿಗೆ. ಅಪಾರ್ಟ್‌ಮೆಂಟು ಕಟ್ಟಡಗಳು ದೊಡ್ಡ ರಸ್ತೆಯ ಮೇಲೆ ಕೆಲವೇ ಇದ್ದವು, ಅವುಗಳಿಗೆ ಇಲ್ಲಿಯ ಕೆಲಸದ ಪತ್ರ, ಇಲ್ಲಿಯ ಬಾಡಿಗೆಯ ಚರಿತ್ರೆ ಎಲ್ಲ ಬೇಕು. ಯಾರದೋ ತಮ್ಮನ ಮಗಳಿಗೆ ಬಾಡಿಗೆಯ ಚರಿತ್ರೆ ಎಲ್ಲಿಂದ ಬರಬೇಕು?

ಕಚೇರಿಯಲ್ಲಿ ಕೂತು ಬಂದವಳಾದ್ದರಿಂದ ಕಚೇರಿಗಳ ಮೇಲೆ ನನಗೆ ಇನ್ನೂ ನಂಬಿಕೆ ಇತ್ತು. ಮೊದಲು ನಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಹೋದೆ. ಒಂದು ಪ್ಲಾಝಾದಲ್ಲಿ, ಪಿಜ್ಜಾ ಅಂಗಡಿಯ ಮಗ್ಗುಲಲ್ಲಿತ್ತು. ಅಲ್ಲಿದ್ದ ಹುಡುಗಿ ನನ್ನ ಮಾತನ್ನೆಲ್ಲ ತಲೆಯಾಡಿಸುತ್ತ ಕೇಳಿದಳು. ಕೇಳಿ, ಮನೆಯ ನೆಲಮಾಳಿಗೆಯಲ್ಲಿ ಯಾರು ಇರಬಹುದು, ಯಾವ ಬೀದಿಯಲ್ಲಿ ಎಷ್ಟು ಮನೆ ಇರಬಹುದು ಎಂಬುದು ನಗರಸಭೆಯ ವಿಷಯ, ರಾಷ್ಟ್ರ ಸರ್ಕಾರದ ವ್ಯಾಪ್ತಿಗೆ ಬರುವುದಿಲ್ಲ ಎಂದಳು. ಬರಿಗೈಯಲ್ಲಿ ಕಳಿಸಬಾರದೆಂದು ಒಂದು ಬಣ್ಣದ ಹಾಳೆ ಕೊಟ್ಟಳು. ಮುಖಪುಟದಲ್ಲಿ ಏಣಿ ಹತ್ತಿದ ಗಂಡ, ಬಣ್ಣದ ಡಬ್ಬ ಹಿಡಿದು ನಗುತ್ತಿರುವ ಹೆಂಡತಿ. ಅದೇ ದುರಸ್ತಿಯ ರಿಯಾಯಿತಿಯ ಪ್ರಚಾರ.

ನಗರಸಭೆಗೆ ಹೋದಾಗ ವಿಳಾಸ ಹೇಳಲಿಲ್ಲ. ಕೌಂಟರಿನಲ್ಲಿದ್ದಾತ ವಯಸ್ಸಾದವನು, ಒಳ್ಳೆಯವನು. ದನಿ ತಗ್ಗಿಸಿ, ನೀವು ದೂರು ಕೊಟ್ಟರೆ ನಾವು ಬಂದು ನೋಡಲೇಬೇಕು, ನೋಡಿದರೆ ಆ ಅಡುಗೆಮನೆಯನ್ನು ತೆಗೆಸಲೇಬೇಕು, ಆಮೇಲೆ ನೀವು ಎಲ್ಲಿಗೆ ಹೋಗುತ್ತೀರಿ, ಯೋಚಿಸಿ ಬನ್ನಿ ಎಂದ. ನಿಯಮವನ್ನೇ ಬದಲಿಸಬಾರದೇ ಎಂದು ಕೇಳಿದೆ. ಅದಕ್ಕೆ ಪ್ರಾಂತ ಸರ್ಕಾರ ಹೇಳಬೇಕು, ಅಥವಾ ಬೀದಿಯವರು ಒಪ್ಪಬೇಕು ಎಂದ. ಪ್ರಾಂತ ಸರ್ಕಾರಕ್ಕೆ ಫೋನು ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿ, ವಿಷಯ ಪರಿಶೀಲನೆಯಲ್ಲಿದೆ ಎಂದರು. ವಸತಿಗೆ ಒಟ್ಟಾವದಿಂದ ದೊಡ್ಡ ಮಟ್ಟದ ಬೆಂಬಲ ಬೇಕು ಎಂದೂ ಸೇರಿಸಿದರು.

ಮೂವರೂ ಸಭ್ಯರು. ಮೂವರೂ ಒಂದೇ ಮಾತು ಹೇಳಿ ಇನ್ನೊಬ್ಬರ ಕಡೆ ಬೆರಳು ತೋರಿಸಿದರು. ಹಿತ್ತಲಿಗೆ ಬಂದು ಹಲಗೆ ಜೋಡಿಸಲು ಕೈ ಹಾಕುವ ಸರ್ಕಾರಕ್ಕೆ, ಆ ಹಲಗೆಯ ಕೆಳಗಿನ ಕಿಟಕಿ ತೋರಿಸಿದ ಕೂಡಲೇ ತನ್ನ ವ್ಯಾಪ್ತಿ ನೆನಪಾಗುತ್ತದೆ. ಬಸ್ಸಿನಲ್ಲಿ ಕೂತು ಆ ಬಣ್ಣದ ಹಾಳೆಯನ್ನು ಸಣ್ಣದಾಗಿ ಹರಿದೆ. ಹರಿಯುವಾಗ ಊರಿನ ನನ್ನ ಕಚೇರಿ ನೆನಪಾಯಿತು. ಒಬ್ಬ ಮುದುಕ ತನ್ನ ಮನೆಯ ಜಾಗ ನಕ್ಷೆಯಲ್ಲಿ ಹಸಿರಾಗಿದೆ ಎಂದು ಆರೇಳು ಸಲ ಬಂದಿದ್ದ. "ಇದು ನಮ್ಮ ವ್ಯಾಪ್ತಿಗೆ ಬರೂದಿಲ್ರಿ ಅಜ್ಜಾರ" ಎಂದು ನಾನು ಅವಲಕ್ಕಿ ತಿನ್ನುತ್ತ ಹೇಳಿದ್ದೆ. ತಲೆ ಎತ್ತಿಯೂ ನೋಡಿರಲಿಲ್ಲ. ನನ್ನ ಬಗ್ಗೆಯೂ ನನಗೆ ಅಸಹ್ಯವಾಯಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ, ನಿಲ್ದಾಣ ಬಂತು, ಇಳಿದೆ.

ಹೀಗೆ ಇನ್ನೆರಡು ಚಳಿಗಾಲ ಕಳೆದವು. ಕೋಣೆಯ ಮೂಲೆಗಳಲ್ಲಿ ಬೂಷ್ಟು ಹಿಡಿಯಿತು. ನನ್ನ ಗಂಡನಿಗೆ ಕೆಮ್ಮು ಹತ್ತಿತು. ನಾನು ಬ್ರೆಡ್ ಫ್ಯಾಕ್ಟರಿ ಬಿಟ್ಟು, ಕಟ್ಟಡಗಳ ನಕ್ಷೆ ಪ್ರಿಂಟು ಹಾಕುವ ಒಂದು ಅಂಗಡಿ ಸೇರಿದೆ. ನನಗೆ ಗೊತ್ತಿದ್ದ ಕಾಗದ, ನನಗೆ ಗೊತ್ತಿದ್ದ ಬಣ್ಣ. ಹಳದಿ ಇಲ್ಲಿಯೂ ಹಳದಿಯೇ.

2011ರ ಚಳಿಗಾಲದಲ್ಲಿ ಡೆಕ್ಕಿನ ಕೆಳಗೆ ಒಂದು ರಕೂನು ಸೇರಿಕೊಂಡಿತು. ದೊಡ್ಡ ಬೆಕ್ಕಿನಷ್ಟಿರುವ, ಕಣ್ಣಿನ ಸುತ್ತ ಕಪ್ಪು ಪಟ್ಟಿಯಿರುವ ಪ್ರಾಣಿ. ಗಾಜಿಗೆ ಮೈ ಉಜ್ಜುವ ಸದ್ದು ಕೇಳುತ್ತಿತ್ತು. ಮಾರ್ಚಿನಲ್ಲಿ ಸದ್ದು ನಿಂತಿತು. ಹಿಮ ಕರಗಿದ ಮೇಲೆ ನಾತ ಶುರುವಾಯಿತು. ಟಾರ್ಚು ಹಾಕಿ ನೋಡಿದರೆ ಗಾಜಿಗೆ ಒತ್ತಿಕೊಂಡು ಅದರ ಹೊಟ್ಟೆ. ಒದ್ದೆ ತುಪ್ಪಳ, ಅದರೊಳಗೆ ಏನೋ ಮಿಸುಕುವುದು. ಕಿಟಕಿಯ ಚೌಕಟ್ಟಿನ ಸಂದಿನಿಂದ ಹುಳುಗಳು ಒಂದೊಂದಾಗಿ ಒಳಗೆ ಬಿದ್ದವು. ನಾನು ಅವನ್ನು ಕಾಗದದಲ್ಲಿ ಎತ್ತಿ ಎಸೆಯುತ್ತಿದ್ದೆ, ಸಂಜೆಗೆ ಮತ್ತೆ ಇರುತ್ತಿದ್ದವು. ಹಾಸಿಗೆಯನ್ನು ಅಡುಗೆ ಮೂಲೆಗೆ ಎಳೆದೆವು. ಅನ್ನಕ್ಕೂ ಅದೇ ವಾಸನೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದದ್ದು ನನ್ನಿಂದಲೇ ಇರಬೇಕೆಂದು ನನಗನಿಸಿತು.

ಸರ್‌ಗೆ ಹೇಳಿದೆ. "ಹಲಗೆ ಕೀಳಿಸ್ಬೇಕಾಗತ್ತಮ್ಮ. ವೆದರ್ ಸ್ವಲ್ಪ ಸೆಟ್ಲ್ ಆಗ್ಲಿ" ಎಂದರು. ಮೂರು ವಾರ ಕಳೆಯಿತು.

ಆಗ ರಾಷ್ಟ್ರದ ಚುನಾವಣೆ ಘೋಷಣೆಯಾಗಿತ್ತು. ಸರ್ ನಮ್ಮ ಜನರಲ್ಲಿ ಹೆಸರಿದ್ದವರು. ಒಬ್ಬ ಅಭ್ಯರ್ಥಿಯನ್ನು ಕರೆದು ತಮ್ಮ ಮನೆಯ ಹಿತ್ತಲಲ್ಲಿ ಚಹಾ ಕೂಟ ಮಾಡುವುದೆಂದು ಗೊತ್ತುಮಾಡಿದರು. ಗೊತ್ತಾದ ಮರುದಿನವೇ ಒಬ್ಬ ಆಳು ಬಂದು ಎರಡು ಹಲಗೆ ಎಬ್ಬಿಸಿ, ಆ ಹೆಣವನ್ನು ಗೋಣಿಗೆ ತುಂಬಿಕೊಂಡು, ಸುಣ್ಣ ಚೆಲ್ಲಿ, ಹಲಗೆ ಬಡಿದು ಹೋದ. ಅರ್ಧ ತಾಸಿನ ಕೆಲಸ.

ಏಪ್ರಿಲಿನ ಕೊನೆಯ ಒಂದು ಬಿಸಿಲಿನ ಭಾನುವಾರ ಇಪ್ಪತ್ತು ಮೂವತ್ತು ಜನ ಸೇರಿದರು. ಆಂಟಿ ಕೇಳಿಕೊಂಡರೆಂದು ಮಿರ್ಚಿ ಭಜಿ ನಾನೇ ಕರಿದೆ, ಕೆಳಗಿನ ಅದೇ ಒಲೆಯಲ್ಲಿ. ಅಭ್ಯರ್ಥಿ ಎತ್ತರದ ಆಳು, ನೀಲಿ ಅಂಗಿಯ ತೋಳು ಮಡಚಿದ್ದ. ಡೆಕ್ಕಿನ ಮಧ್ಯೆ, ನನ್ನ ಕಿಟಕಿಯ ನೆತ್ತಿಯ ಮೇಲೆ ನಿಂತು ದುಡಿಯುವ ಕುಟುಂಬಗಳ ಬಗ್ಗೆ ಮಾತಾಡಿದ. ಒಂದು ಭಜಿ ತಿಂದು ಖಾರಕ್ಕೆ ಕೆಂಪಾದ. ಎಲ್ಲರೂ ನಕ್ಕರು. ಪ್ರಶ್ನೆಗಳಿದ್ದರೆ ಕೇಳಿ ಎಂದ. ಯಾರೋ ವೀಸಾ ಕೇಳಿದರು. ಯಾರೋ ತೆರಿಗೆ ಕೇಳಿದರು.

ನಾನು ತಟ್ಟೆಯನ್ನು ಕಟಾಂಜನದ ಮೇಲಿಟ್ಟೆ. ನನ್ನ ಇಂಗ್ಲಿಷು ಆಗಲೂ ನಿಧಾನ. ಈ ದೇಶಕ್ಕೆ ಬರುವವರನ್ನು ಕರೆಯುವುದು ರಾಷ್ಟ್ರ ಸರ್ಕಾರ, ಅವರು ಎಲ್ಲಿರಬೇಕು ಎಂಬುದನ್ನು ಮಾತ್ರ ನಗರಸಭೆಯ ಮೇಲೆ ಬಿಟ್ಟಿದ್ದೀರಿ, ನಗರಸಭೆ ಬೀದಿಯವರ ಮೇಲೆ ಬಿಟ್ಟಿದೆ, ನೀವು ಗೆದ್ದರೆ ಇದಕ್ಕೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಗ್ರೇಟ್ ಕ್ವೆಶ್ಚನ್" ಎಂದ. ವಸತಿ ಬಹಳ ಮುಖ್ಯ ಎಂದ. ಆದರೆ ಝೋನಿಂಗು ಸ್ಥಳೀಯ ವಿಷಯ, ಅದನ್ನು ನಾವು ಗೌರವಿಸಬೇಕು ಎಂದ. ಸರ್ ಮುಂದೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ನಗುತ್ತ, "ಮೈ ನೀಸ್. ವೆರಿ ಬ್ರೈಟ್" ಎಂದು ಪರಿಚಯಿಸಿದರು.

ಆ ಕೈಯ ಭಾರ ಈಗಲೂ ನೆನಪಿದೆ. ನಾನು ಅದನ್ನು ಸರಿಸಿದೆ. "ನಾನು ಇವರ ಬಾಡಿಗೆದಾರಳು. ನೀವು ನಿಂತಿದ್ದೀರಲ್ಲ, ಅದರ ಕೆಳಗೆ ಇರುತ್ತೇನೆ. ಹೋದ ವಾರದವರೆಗೆ ಅಲ್ಲಿ ಒಂದು ಹೆಣವೂ ಇತ್ತು" ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅಭ್ಯರ್ಥಿ ತನ್ನ ಕಾಲಬುಡ ನೋಡಿಕೊಂಡ. ಅವನ ಜೊತೆಗೆ ಬಂದಿದ್ದ ಹೆಂಗಸು ನನ್ನ ಕೈಗೆ ಒಂದು ಕರಪತ್ರ ಕೊಟ್ಟು, ಇಮೇಲ್ ಮಾಡಿ ಎಂದಳು. ಆಮೇಲೆ ಯಾರೋ ಹವಾಮಾನದ ಮಾತು ತೆಗೆದರು. ನನ್ನ ಕಿವಿ ಮಾತ್ರ ಉರಿಯುತ್ತಿತ್ತು. ಹಿಂದೆ ನಿಂತಿದ್ದ ನಮ್ಮವರೇ ಒಬ್ಬರು, "ಉಪಕಾರ ಮಾಡಿದವರಿಗೆ ಹೀಗಾ?" ಎಂದು ಕೇಳಿಸುವ ಹಾಗೆಯೇ ಹೇಳಿದರು.

ಮರುದಿನ ಸಂಜೆ ಸರ್ ಮೆಟ್ಟಿಲ ಮೇಲೆಯೇ ನಿಂತು ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಮೇಲೆ ಕಂಪ್ಲೇಂಟ್ ಹೋದ್ರೆ ಈ ವಯಸ್ಸಲ್ಲಿ ನಾನು ಎಲ್ಲಿ ಅಲೀಲಮ್ಮ? ಬರೋ ತಿಂಗಳ ಕೊನೇಗೆ ಬೇರೆ ಜಾಗ ನೋಡ್ಕೊಂಡ್ಬಿಡಿ."

ನನ್ನ ಗಂಡ ತಲೆ ಹಿಡಿದುಕೊಂಡು ಕೂತ. "ನಿನಗ ಮಾತಾಡಾಕ ಅಲ್ಲೇ ಬೇಕಿತ್ತೇನ? ಅಷ್ಟು ಮಂದಿ ನಡುವ?"

"ಮತ್ತೆಲ್ಲಿ ಮಾತಾಡ್ಲಿ? ಮೂರ್ ಆಫೀಸ್ ತಿರುಗಿ ಬಂದೇನಿ" ಎಂದೆ. ಅವನು ಕೆಮ್ಮಿದ.

ಹೊರಡುವ ದಿನ ಆಂಟಿ ಕೆಳಗೆ ಇಳಿದು ಬಂದರು. ಬಟ್ಟೆ ಒಗೆಯಲು ವಾರಕ್ಕೆರಡು ಸಲ ಬರುತ್ತಿದ್ದರು, ಆದರೆ ನಮ್ಮ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ನಡುಮಧ್ಯಾಹ್ನ ದೀಪ ಹಾಕಿಕೊಂಡು ನಾನು ಪಾತ್ರೆ ಕಟ್ಟುತ್ತಿದ್ದೆ. ಅವರು ಕಿಟಕಿಯನ್ನು ನೋಡಿದರು, ಮೂಲೆಯ ಬೂಷ್ಟನ್ನು ನೋಡಿದರು, ಸೆರಗು ಮೂಗಿಗೆ ಹಿಡಿದರು. "ಇಷ್ಟು ಅಂತ ನಂಗೆ ಗೊತ್ತಿರ್ಲಿಲ್ಲ ಮಗೂ" ಎಂದರು. ನನಗೆ ಅವರ ಮೇಲೆ ಕನಿಕರ ಬರಬೇಕಿತ್ತು. ಬರಲಿಲ್ಲ. ಗೊತ್ತು ಮಾಡಿಕೊಳ್ಳಲು ಬಟ್ಟೆ ಒಗೆಯುವ ಯಂತ್ರದಿಂದ ನಾಲ್ಕು ಹೆಜ್ಜೆ ಇಟ್ಟರೆ ಸಾಕಿತ್ತು.

ಆಮೇಲಿನ ವರ್ಷಗಳು ನಮಗೆ ಒಳ್ಳೆಯವು. ನಕ್ಷೆಯ ಅಂಗಡಿಯವರು ಕೆಲಸದ ಪತ್ರ ಕೊಟ್ಟು ಜಾಮೀನು ನಿಂತದ್ದರಿಂದ ಮೊದಲು ಒಂದು ಅಪಾರ್ಟ್‌ಮೆಂಟಿನ ಒಂಬತ್ತನೆಯ ಮಹಡಿ. ನನ್ನ ಗಂಡನಿಗೆ ಒಶಾವಾದಲ್ಲಿ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು, ಕೆಮ್ಮು ಹೋಯಿತು. 2013ರಲ್ಲಿ ಟೊರಾಂಟೊದ ಉತ್ತರಕ್ಕೆ, ರೈಲು ಹಾದು ಹೋಗುವ ಒಂದು ಚಿಕ್ಕ ಊರಿನಲ್ಲಿ ಹೊಸ ಮನೆ ಕೊಂಡೆವು. ಕೊಳ್ಳುವ ಮೊದಲು ನಾನು ಅಂಗಡಿಯಲ್ಲಿ ಆ ಊರಿನ ನಕ್ಷೆ ತೆಗೆದು ನೋಡಿದ್ದೆ. ಸುತ್ತ ಮುತ್ತ ಎಲ್ಲ ತಿಳಿ ಹಳದಿ, ಒಂದು ಮನೆ, ಒಂದು ಕುಟುಂಬ. ನೋಡಿ ಸಮಾಧಾನವಾಗಿತ್ತು. ಸುಳ್ಳು ಹೇಳಿ ಪ್ರಯೋಜನವಿಲ್ಲ, ನಿಜವಾಗಿ ಸಮಾಧಾನವಾಗಿತ್ತು. ಈ ಹೊತ್ತಿಗೆ ಪ್ರಾಂತ ಸರ್ಕಾರ ಬೇಸ್‌ಮೆಂಟಿನ ಮನೆಗಳಿಗೆ ಅವಕಾಶ ಕೊಡಿ ಎಂದು ಊರುಗಳಿಗೆ ಹೇಳುವ ಕಾನೂನು ತಂದಿತ್ತು. ಎಷ್ಟೋ ಊರುಗಳು ಅದನ್ನು ಜಾರಿಗೆ ತರಲು ಅವಸರ ಮಾಡಲಿಲ್ಲ.

2015ರ ವಸಂತದಲ್ಲಿ ನಮ್ಮ ಬೀದಿಯ ಕೊನೆಯ ಖಾಲಿ ಜಾಗದಲ್ಲಿ ಒಂದು ಬಿಳಿ ಫಲಕ ನಿಂತಿತು. ಝೋನಿಂಗು ಬದಲಿಸಲು ಅರ್ಜಿ ಬಂದಿದೆ, ನಾಲ್ಕು ಮಹಡಿಯ ಬಾಡಿಗೆ ಮನೆಗಳ ಕಟ್ಟಡ ಬರಲಿದೆ, ಸಾರ್ವಜನಿಕ ಸಭೆ ಇಂಥ ದಿನ. ಫಲಕ ನಿಂತ ವಾರದಲ್ಲಿ ವಿರೋಧದ ಪತ್ರ ಮನೆ ಮನೆ ತಿರುಗಿತು. ತಿರುಗಿಸಿದ್ದು ನಮ್ಮ ಎದುರು ಮನೆಯಾಕೆ. ಉಡುಪಿ ಕಡೆಯವರು, ಮನೆಯಲ್ಲಿ ತುಳು, ನಮ್ಮ ಜೊತೆ ಕನ್ನಡ. ಕೈ ದೊಡ್ಡದು, ಹಬ್ಬಕ್ಕೆ ತಪ್ಪದೆ ತಿಂಡಿ ಕಳಿಸುವವರು. ಬಂದ ಹೊಸತರಲ್ಲಿ ನಾಲ್ಕು ವರ್ಷ ಬೇಸ್‌ಮೆಂಟಿನಲ್ಲಿದ್ದೆವು ಎಂದು ಅವರೇ ಹೇಳಿಕೊಂಡಿದ್ದರು.

ನಾನು ಕೆಲಸದಿಂದ ಬರುವಷ್ಟರಲ್ಲಿ ನನ್ನ ಗಂಡ ಸಹಿ ಹಾಕಿ ಮುಗಿಸಿದ್ದ.

"ನಂದೂ ಹಾಕಿ, ನಿಂದೂ ಹೆಸರು ಬರದೇನಿ" ಎಂದ, ಸೊಪ್ಪು ಹೆಚ್ಚುತ್ತ.

"ನನ್ನ ಹೆಸರಾ? ನನ್ನ ಕೇಳದ?"

"ಎಲ್ಲಾರೂ ಹಾಕ್ಯಾರ. ಇಷ್ಟು ಕಷ್ಟಪಟ್ಟು ಮನಿ ತಗೊಂಡೇವಿ, ನಾಳೆ ರೇಟು ಬಿದ್ರ? ಪಾರ್ಕಿಂಗಿಗೆ ಜಾಗ ಇರ್ಲಿಲ್ಲಂದ್ರ?"

"ಆ ಬೇಸ್‌ಮೆಂಟ್ ಮರತಿ ಏನ?"

ಅವನು ಚಾಕು ಕೆಳಗಿಟ್ಟ. "ಮರತಿಲ್ಲ. ಅದಕ್ಕ ಸಹಿ ಹಾಕೀನಿ. ಮತ್ತ ಅಂಥಾದ್ದರ ಸನೇಕ ಹೋಗೂದು ಬ್ಯಾಡ ನನಗ."

ಅಷ್ಟು ವರ್ಷ ಒಂದೇ ಕತ್ತಲೆಯಲ್ಲಿ ಜೊತೆಗೆ ಕೂತವನು. ಅವನಿಗೆ ಅಲ್ಲಿಂದ ಸಿಕ್ಕ ಪಾಠ ಇದು. ನಾನು ಚಪ್ಪಲಿ ಮೆಟ್ಟಿಕೊಂಡು ಎದುರು ಮನೆಗೆ ಹೋದೆ.

"ಒಂದ್ ನಿಮಿಷ ಆ ಪತ್ರ ಕೊಡ್ರಿ. ನನ್ನ ಹೆಸರು ತೆಗೀಬೇಕು."

"ಅಯ್ಯೋ, ಎಂತ ಆಯ್ತು?" ಆಕೆ ಗಾಬರಿಯಾದರು. "ನಾವೆಂತ ಬಡವರ ವಿರೋಧಿಗಳಾ? ಅಲ್ಲ ಮಾರಾಯ್ರೆ. ಆದ್ರೆ ಬಾಡಿಗೆಯವರು ಅಂದ್ರೆ ಹೇಗೆ ಇರ್ತಾರೋ ಗೊತ್ತುಂಟಾ? ಟ್ರಾಫಿಕ್ ಉಂಟು, ಸ್ಕೂಲಲ್ಲಿ ಜಾಗ ಇಲ್ಲ. ಬೇರೆ ಕಡೆ ಕಟ್ಲಿ, ಯಾರು ಬೇಡ ಹೇಳಿದ್ರು?"

"ನಾವಿಬ್ರೂ ಬಾಡಿಗಿಯವರ ಇದ್ವಿ ಅಲ್ರೀ" ಎಂದೆ. ಅವರ ಪೆನ್ನಿನಿಂದಲೇ ನನ್ನ ಹೆಸರಿನ ಮೇಲೆ ಗೀಟು ಎಳೆದೆ. ಎರಡು ಸಲ ಎಳೆದೆ.

ಸಭೆಗೆ ಹೋದೆ. ನಗರಸಭೆಯ ಹಾಲ್ ತುಂಬಿತ್ತು. ಒಬ್ಬೊಬ್ಬರಿಗೆ ಐದು ನಿಮಿಷ. ಒಬ್ಬರು ನೆರಳು ಬೀಳುತ್ತದೆ ಎಂದರು. ಒಬ್ಬರು ಹಕ್ಕಿಗಳು ಎಂದರು. ಬಹಳ ಜನ ಊರಿನ ಸ್ವರೂಪ ಎಂದರು. ನಮ್ಮದೇ ಮನೆಗಳು ಬಂದು ಎರಡು ವರ್ಷವಾಗಿರಲಿಲ್ಲ, ಅದಕ್ಕೂ ಮೊದಲು ಅಲ್ಲಿ ಜೋಳದ ಹೊಲವಿತ್ತು. ಪ್ರತಿ ಮಾತಿಗೂ ಚಪ್ಪಾಳೆ. ಕಂದು ಮುಖಗಳು, ಬಿಳಿ ಮುಖಗಳು, ಎಲ್ಲ ಒಂದೇ ತಾಳಕ್ಕೆ. ಇಷ್ಟು ಒಗ್ಗಟ್ಟನ್ನು ಆ ಊರಿನಲ್ಲಿ ನಾನು ಇನ್ನೆಲ್ಲಿಯೂ ಕಂಡಿರಲಿಲ್ಲ.

ನನ್ನ ಸರದಿ ಬಂದಾಗ ಮೈಕನ್ನು ನನ್ನ ಎತ್ತರಕ್ಕೆ ಇಳಿಸಿಕೊಂಡೆ. ನಕ್ಷೆಗೆ ಬಣ್ಣ ಬಳಿಯುತ್ತಿದ್ದವಳು ನಾನು ಎಂದು ಶುರು ಮಾಡಿದೆ. ಇಂಥ ಕಟ್ಟಡ ಎಲ್ಲಿಯೂ ಬೇಡ ಎಂದು ಬೀದಿ ಬೀದಿಯೂ ಹೇಳಿದಾಗ ಜನ ಮಾಯವಾಗುವುದಿಲ್ಲ, ಯಾರದೋ ಮನೆಯ ಕೆಳಗೆ ಇಳಿಯುತ್ತಾರೆ, ನಾನು ಇಳಿದಿದ್ದೆ ಎಂದೆ. ಹುಳುವಿನ ವಿಷಯವನ್ನೂ ಹೇಳಿದೆ. ಯಾರೋ "ನಿಮ್ಮ ಹಿತ್ತಲಲ್ಲೇ ಕಟ್ಟಿಸಿಕೊಳ್ಳಿ" ಎಂದು ಕೂಗಿದರು, ನಗು ಎದ್ದಿತು. ಎದುರು ಮನೆಯಾಕೆ ಎರಡನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ನಾನು ಮುಗಿಸಿದಾಗ ಒಬ್ಬ ಮುದುಕಿ ಮಾತ್ರ ಚಪ್ಪಾಳೆ ತಟ್ಟಿದಳು. ಅವಳು ಕೂಡ ಬೇಗನೆ ನಿಲ್ಲಿಸಿದಳು.

ಜೂನಿನಲ್ಲಿ ನಗರಸಭೆ ಅರ್ಜಿಯನ್ನು ತಳ್ಳಿಹಾಕಿತು. ಒಬ್ಬರೇ ಪರವಾಗಿ ಕೈ ಎತ್ತಿದ್ದು. ಆ ಜಾಗದಲ್ಲಿ ಈಗ ದೊಡ್ಡ ದೊಡ್ಡ ಏಳು ಮನೆಗಳಿವೆ, ಒಂದೊಂದಕ್ಕೂ ಮೂರು ಕಾರಿನ ಗ್ಯಾರೇಜು.

ಆ ವರ್ಷ ಮತ್ತೆ ರಾಷ್ಟ್ರದ ಚುನಾವಣೆ. ಈ ಸಲ ವಸತಿಯ ಮಾತು ಎಲ್ಲರ ಬಾಯಲ್ಲೂ ಇತ್ತು. ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಒಬ್ಬ ಅಭ್ಯರ್ಥಿ ನಮ್ಮ ಮುಂಬಾಗಿಲಿಗೇ ಬಂದ. ಬೇಸ್‌ಮೆಂಟಿನ ಪಕ್ಕದ ಬಾಗಿಲನ್ನು ಇಂಥವರು ಎಂದೂ ತಟ್ಟಿರಲಿಲ್ಲ. ಒಟ್ಟಾವ ಮತ್ತೆ ವಸತಿಗೆ ಕೈ ಹಾಕಬೇಕು, ನಾವು ಹಾಕುತ್ತೇವೆ ಎಂದ. ಒಳ್ಳೆಯ ಮಾತು. ಊರುಗಳಿಗೆ ರಸ್ತೆ, ರೈಲು, ಕೊಳವೆಗೆಂದು ನೀವು ಕೊಡುವಾಗ, ಬಾಡಿಗೆ ಮನೆಗಳಿಗೆ ಜಾಗ ಬಿಡದಿದ್ದರೆ ಕೊಡುವುದಿಲ್ಲ ಎಂದು ಒಂದು ಷರತ್ತು ಹಾಕುತ್ತೀರಾ ಎಂದು ಕೇಳಿದೆ.

ಅವನು ಬೀದಿಯ ಎರಡೂ ಕಡೆ ನೋಡಿದ. ಸಾಲು ಸಾಲು ಮನೆ, ಸಾಲು ಸಾಲು ವೋಟು. ಸ್ಥಳೀಯ ನಿರ್ಧಾರಗಳಲ್ಲಿ ತಲೆ ಹಾಕುವುದು ಸರಿಯಲ್ಲ ಎಂದ. ಆಮೇಲೆ ನಿಮ್ಮ ಹುಲ್ಲುಹಾಸಿನ ಮೇಲೆ ನಮ್ಮ ಫಲಕ ನೆಡಬಹುದೇ ಎಂದು ಕೇಳಿದ. ಬೇಡ ಎಂದೆ. ಬಾಗಿಲು ಹಾಕಿಕೊಂಡ ಮೇಲೆ ಸೋಪು ಹಚ್ಚಿ ಕೈ ತೊಳೆದೆ. ಅವನು ಕೈ ಕುಲುಕಿದ್ದ.

ವೋಟು ಹಾಕಿ ಬಂದೆ. ಯಾರಿಗೆ ಎಂದು ಹೇಳುವಷ್ಟು ಅಭಿಮಾನ ಯಾರ ಮೇಲೂ ಇರಲಿಲ್ಲ.

ನವೆಂಬರಿನಲ್ಲಿ ಎದುರು ಮನೆಯಾಕೆ ಅಷ್ಟು ತಿಂಗಳ ಮೇಲೆ ಮೊದಲ ಸಲ ಬಾಗಿಲು ತಟ್ಟಿದರು. ಅಕ್ಕನ ಮಗಳು ಜನವರಿಗೆ ಒಶಾವಾಕ್ಕೆ ಓದಲು ಬರುತ್ತಾಳಂತೆ.

"ನಿಮ್ಮವರ ಕೆಲಸ ಅಲ್ಲೇ ಅಲ್ವಾ? ಎಲ್ಲಾದ್ರೂ ಒಂದು ರೂಮು ಸಿಗ್ತದಾ ಕೇಳ್ತೀರಾ? ನಾನು ಎಲ್ಲ ಕಡೆ ನೋಡಿದೆ, ಎಲ್ಲಿಯೂ ಇಲ್ಲ. ಬೇಸ್‌ಮೆಂಟ್ ಆದ್ರೂ ಅಡ್ಡಿಲ್ಲ."

ನಾನು ಅವರ ಮುಖ ನೋಡಿದೆ. ಅದರಲ್ಲಿ ನಾಚಿಕೆ ಇದೆಯೇ ಎಂದು ಹುಡುಕಿದೆ. ಇರಲಿಲ್ಲ, ಬರೀ ಚಿಂತೆ ಇತ್ತು. ಎರಡನ್ನೂ ಅವರು ಜೋಡಿಸಿಯೇ ಇರಲಿಲ್ಲ. ಬಾಯಿಗೆ ಬಂದ ಮಾತನ್ನು ಆಡಬಹುದಿತ್ತು. ಆದರೆ ರೂಮು ಬೇಕಾದದ್ದು ಅವರಿಗಲ್ಲ, ನಾನು ಕಂಡೇ ಇರದ ಒಂದು ಹುಡುಗಿಗೆ. "ಕೇಳಿ ಹೇಳತೇನ್ರಿ" ಎಂದೆ.

ನನ್ನ ಗಂಡ ಪ್ರಯೋಗಾಲಯದಲ್ಲಿ ವಿಚಾರಿಸಿದ. ಸಹೋದ್ಯೋಗಿಯೊಬ್ಬರ ಮನೆಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿತು. ಸುದ್ದಿ ಮುಟ್ಟಿಸಿದ ಸಂಜೆ ಆಕೆ ಒಂದು ಡಬ್ಬಿ ತುಂಬ ಪತ್ರೊಡೆ ತಂದುಕೊಟ್ಟು, ಕೈ ಹಿಡಿದುಕೊಂಡು, "ದೊಡ್ಡ ಉಪಕಾರ ಆಯ್ತು ಮಾರಾಯ್ರೆ" ಎಂದರು. ನನ್ನ ಗಂಡ ನಾಲ್ಕು ತಿಂದು ಚಲೋ ಆಗೇದ ಎಂದ. ನಾನು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡೆ. ಸಿಂಕಿಗೆ ಹೋಗಿ ಉಗುಳಿ, ನಲ್ಲಿ ತಿರುಗಿಸಿದೆ.